ಕಳಿಸಿದವರ ಹೆಸರು

೧೯೯೮ ಮಾರ್ಚ್ ೧೫, ಭಾನುವಾರ. ಬೆಳಿಗ್ಗೆ ೭.೧೦ಕ್ಕೆ ಬರೆಯಲು ಶುರು ಮಾಡಿದೆ. ಅಮ್ಮ ನಿಮಿಷಾಂಬನ ಗುಡಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಆ ಗುರುವಾರದ ತನಕವಾದರೂ ಬರೆದು ಮುಗಿಸಬೇಕು. ಇದಕ್ಕೆ ಮುಂಚೆ ಎರಡು ಸಲ ಕೂತು, ಗುರುವಾರ ಬರುತ್ತಿದ್ದ ಹಾಗೆ ಪೆನ್ನಿನ ಕ್ಯಾಪು ಮುಚ್ಚಿ ಎದ್ದುಬಿಟ್ಟಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರೇ ತಮ್ಮ ಅಂಗಡಿಗೆ ಬೋರ್ಡ್ ಹಾಕಿಸಿರಲಿಲ್ಲ. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳ ಹಳೆ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದರು. ಆ ಕೆಲಸಕ್ಕೆ ವೈಂಡಿಂಗ್ ಅನ್ನುತ್ತಾರೆ. ಅಕ್ಕಸಾಲಿಗರ ಮನೆತನದವರಾದ್ದರಿಂದ ಎಲ್ಲರಿಗೂ ಅವರು ಆಚಾರ್ರು. ವಯಸ್ಸು ಐವತ್ತೈದರ ಮೇಲೆ. ಸಣ್ಣ ಆಳು. ಬೆರಳುಗಳು ಮಾತ್ರ ಬೇರೆ ಯಾರದೋ ಎನ್ನುವಷ್ಟು ಉದ್ದ. ತಂತಿ ಸುತ್ತುವಾಗ ಸುತ್ತುಗಳನ್ನು ಬಾಯಿಬಿಟ್ಟು ಎಣಿಸುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಬೈಯುತ್ತಿರಲಿಲ್ಲ. ಅಷ್ಟನ್ನೂ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಬೈಸಿಕೊಂಡಿದ್ದರೇ ಹಿತವಾಗಿತ್ತು ಅನ್ನಿಸುತ್ತಿತ್ತು.

ಅವರ ಅಂಗಡಿಗೂ ನಮ್ಮ ಚಿಕ್ಕಮ್ಮನ ಎಸ್‌ಟಿಡಿ ಬೂತಿಗೂ ನಡುವೆ ಒಂದೇ ಗೋಡೆ. ನಾನು ೧೯೯೫ರ ಜೂನ್‌ನಿಂದ ಗಂಜಾಂನಿಂದ ದಿನಾ ಬಸ್ಸಿನಲ್ಲಿ ಹೋಗಿ ಆ ಬೂತಿನಲ್ಲಿ ಕೂರುತ್ತಿದ್ದೆ. ಆಚಾರ್ರಿಗೆ ಫೋನ್ ಇರಲಿಲ್ಲ. ಅವರಿಗೆ ಬರುವ ಕರೆಗಳೆಲ್ಲ ನಮ್ಮಲ್ಲಿಗೇ. ಬಂದರೆ ನಾನು ಗೋಡೆ ತಟ್ಟಬೇಕು. ಹೊಸ ಗಿರಾಕಿಯಾದರೆ ಒಂದು ಸಲ, ಹಳಬರಾದರೆ ಎರಡು ಸಲ. ಒಂದು ಸಲ ತಟ್ಟಿದರೆ ಕೈ ಒರೆಸಿಕೊಂಡು ನಿಧಾನ ಬರುತ್ತಿದ್ದರು. ಎರಡು ಸಲ ತಟ್ಟಿದರೆ ಗೋಡೆಯಾಚೆ ಎಣಿಕೆ ಗಕ್ಕನೆ ನಿಲ್ಲುತ್ತಿತ್ತು. ಬಾಗಿಲಿಗೆ ಬಂದು ಮೊದಲು ನನ್ನ ಮುಖ ನೋಡುತ್ತಿದ್ದರು.

“ಒಳ್ಳೇದಾ, ಕೆಟ್ಟದ್ದಾ?”

“ಗೊತ್ತಿಲ್ಲ ಆಚಾರ್ರೆ, ಮಾತಾಡಿ.”

“ದನಿ ಎಂಗದೆ?”

ಇಪ್ಪತ್ತು ತಿಂಗಳಲ್ಲಿ ನಿಜವಾದ ದೂರು ಬಂದಿದ್ದು ನಾಲ್ಕು. ಅದರಲ್ಲಿ ಮೂರು, ಇಲಿ ವೈರು ಕಡಿದದ್ದು. ಈ ಲೆಕ್ಕ ತೋರಿಸಿದರೂ ಅವರ ಹೆದರಿಕೆ ಒಂದು ಚೂರೂ ಕಡಿಮೆಯಾಗಲಿಲ್ಲ. “ಫೋನ್ ಮಾಡ್ದೋರು ನಾಕು. ಮಾಡದೆ ಸುಮ್ನಾದೋರು ಎಷ್ಟು ಅಂತ ನಿನ್ನ ಪುಸ್ತಕದಲ್ಲಿ ಐತಾ?” ಅಂದಿದ್ದರು. ಆಗ ನನಗೆ ಅದು ಬರೀ ಕೊಂಕು ಅನ್ನಿಸಿತ್ತು.

ನನಗೆ ಲೆಕ್ಕ ಬರೆದಿಡುವ ಚಟ. ಎಷ್ಟು ದಿನ ಮಳೆ, ಬಸ್ಸು ಎಷ್ಟು ಸಲ ತಡ, ಎಲ್ಲಕ್ಕೂ ಗೆರೆ ಎಳೆಯುತ್ತೇನೆ. ನಾಲ್ಕು ಗೆರೆ, ಅದರ ಮೇಲೆ ಅಡ್ಡ ಒಂದು. ಆಚಾರ್ರ ಗಿರಾಕಿಗಳ ಲೆಕ್ಕವನ್ನೂ ನಾನೇ ಇಟ್ಟೆ. ಆದರೆ ಅದು ಗಿರಾಕಿಗಳ ಲೆಕ್ಕವಲ್ಲ, ಅವರನ್ನು ಕಳಿಸಿದವರ ಲೆಕ್ಕ. ಯಾಕೆಂದರೆ ಅಂಗಡಿಗೆ ಯಾರೇ ಬರಲಿ, ಆಚಾರ್ರು ಮೋಟರನ್ನು ಮುಟ್ಟುವ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ನಾಗಮಂಗಲದ ಕಡೆಯ ಒಬ್ಬರ ಜೊತೆ ಆದ ಮಾತನ್ನು ಅವತ್ತೇ ಬರೆದುಕೊಂಡಿದ್ದೆ.

“ಯಾರು ಹೇಳಿದ್ರು?”

“ಮೋಟ್ರು ಸುಟ್ಟೋಗದೆ ಆಚಾರ್ರೆ. ಯಾರು ಹೇಳಿದ್ರೇನು, ವಸಿ ನೋಡಿ.”

“ಮೋಟ್ರು ಆಮೇಲೆ. ಯಾರು ಹೇಳಿದ್ರು ಅದ ಹೇಳು ಮೊದ್ಲು.”

“ನಮ್ಮ ಷಡ್ಡಕ.”

“ನಿಮ್ಮ ಷಡ್ಡಕನ್ಗೆ ಹೆಸ್ರಿಟ್ಟಿಲ್ವ?”

“ಇಟ್ಟವ್ರೆ. ನಾನು ಕರಿಯಕ್ಕಿಲ್ಲ, ಅವನ್ಗೂ ನನ್ಗೂ ಮಾತಿಲ್ಲ.”

“ಮಾತಿಲ್ದೋನು ಎಂಗಪ್ಪ ಹೇಳ್ದ?”

“ಅವನೆಂಡ್ರು ನನ್ನೆಂಡ್ರಿಗೆ ಹೇಳಿದ್ಲು.”

ಆಚಾರ್ರು ನಗಲಿಲ್ಲ. ಆ ಹೆಂಗಸಿನ ಹೆಸರು ಕೇಳಿ, ಸಣ್ಣ ಕುಂಚ ತೆಗೆದು, ಮೋಟರಿನ ಮೈಮೇಲೆ ಹಳದಿ ಬಣ್ಣದಲ್ಲಿ ಆ ಹೆಸರನ್ನೇ ಬರೆದರು. ಅದು ಅವರ ಪದ್ಧತಿ. ಮೋಟರಿನ ಮೇಲೆ ಅದರ ಯಜಮಾನನ ಹೆಸರು ಇರುತ್ತಿರಲಿಲ್ಲ, ಕಳಿಸಿದವರ ಹೆಸರಿರುತ್ತಿತ್ತು. ಯಾಕೆ ಹೀಗೆ ಎಂದು ನಾನು ಕೇಳಿದ್ದೆ.

“ಇವನ ಮೋಟ್ರು ಕೆಟ್ರೆ ಇವನು ಬಂದು ನನ್ನ ಬೈತಾನೆ. ಅಲ್ಲಿಗೆ ಅದು ಮುಗೀತು. ಕಳ್ಸಿದೋರು ಊರಲ್ಲಿ ದಿನಾ ಇವನ ಮಕ ನೋಡ್ಬೇಕಲ್ಲವ್ವ. ನಂಗೋಸ್ಕರ ಬಾಯಿ ಬುಟ್ಟವ್ರೆ. ಕೆಲ್ಸ ಮಾಡೋವಾಗ ಅವರೆಸ್ರು ನನ್ನ ಕಣ್ಮುಂದೆ ಇರ್ಬೇಕು.”

ಮೋಟರು ಹೋಗಿ ಹತ್ತನೇ ದಿನಕ್ಕೆ ಬೂತಿಗೆ ಬಂದು ನನ್ನ ಕೈಯಲ್ಲಿ ಒಂದು ಕಾರ್ಡು ಬರೆಸುತ್ತಿದ್ದರು. ಗಿರಾಕಿಗಲ್ಲ, ಕಳಿಸಿದವರಿಗೆ. ‘ನೀವು ಕಳಿಸಿದವರ ಮೋಟರು ಓಡುತ್ತಿದೆ. ಏನಾದರೂ ಇದ್ದರೆ ತಿಳಿಸಿ.’ ಇಷ್ಟೇ. ಆ ಕಾರ್ಡು ಸಿಕ್ಕಿದವರು ಅದನ್ನು ಊರೆಲ್ಲ ತೋರಿಸುತ್ತಿದ್ದರಂತೆ. ತಮ್ಮ ಮಾತಿಗೆ ಬೆಲೆ ಕೊಟ್ಟು ಒಬ್ಬರು ಕಾಗದ ಬರೆದಿದ್ದಾರೆ ಎಂದರೆ ಯಾರು ಸುಮ್ಮನಿರುತ್ತಾರೆ? ಅವರು ಇನ್ನಿಬ್ಬರಿಗೆ ಹೇಳುತ್ತಿದ್ದರು. ಹೀಗೆ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದಿಂದೆಲ್ಲ ನಡುವೆ ಇರುವ ಹತ್ತು ಅಂಗಡಿ ದಾಟಿಕೊಂಡು ಜನ ಬರುತ್ತಿದ್ದರು.

ಚಿಕ್ಕಮ್ಮನಿಗೆ ಇದು ಕಿರಿಕಿರಿ. “ಆಚಾರ್ರೆ, ಒಂದು ಬೋರ್ಡ್ ಬರೆಸ್ರಿ. ನಿಮ್ಮ ಗಿರಾಕಿಗಳು ನನ್ನ ಬೂತಿನೊಳಗೆ ಮೋಟ್ರು ಇಳುಸ್ತಾರೆ.”

“ಬೋರ್ಡ್ ನೋಡ್ಕೊಂಡು ಬಂದೋನು ಬಾಯ್ತುಂಬ ಬೈದೋಯ್ತಾನೆ ತಾಯಿ. ಮಾತು ಕೇಳ್ಕೊಂಡು ಬಂದೋನು ಬೈಯಕ್ಕೂ ಇಂದುಮುಂದು ನೋಡ್ತಾನೆ.”

“ಒಳ್ಳೇದೇ ಆಯ್ತಲ್ಲ ನಿಮಗೆ.”

“ಒಳ್ಳೇದಾ?” ಅಂದರು ಆಚಾರ್ರು. ಅಷ್ಟೇ ಅಂದು ಒಳಗೆ ಹೋದರು.

ಇನ್ನೊಂದು ವಿಷಯ ಹೇಳದೆ ಮುಂದಕ್ಕೆ ಹೋಗಲಾಗುವುದಿಲ್ಲ. ಮೋಟರು ಸುತ್ತಿದ ಮೇಲೆ ಅದಕ್ಕೆ ವಾರ್ನಿಷ್ ಕುಡಿಸಿ, ಮರದ ಪೆಟ್ಟಿಗೆಯಲ್ಲಿ ದೊಡ್ಡ ಬಲ್ಬು ಉರಿಸಿ ಎರಡು ದಿನ ಒಣಗಿಸುತ್ತಿದ್ದರು. ಆಮೇಲೆ ಪರೀಕ್ಷೆ. ಒಂದು ಹೋಲ್ಡರಿನಲ್ಲಿ ಬಲ್ಬು, ಅದರಿಂದ ಎರಡು ವೈರು. ಒಂದು ವೈರನ್ನು ಒಳಗಿನ ತಂತಿಗೆ, ಇನ್ನೊಂದನ್ನು ಮೋಟರಿನ ಕಬ್ಬಿಣದ ಮೈಗೆ ಹಿಡಿಯಬೇಕು. ಬಲ್ಬು ಉರಿದರೆ ಒಳಗಿನ ಕರೆಂಟು ಮೈಗೆ ಬರುತ್ತಿದೆ ಎಂದು ಅರ್ಥ. ಅಂಥ ಮೋಟರನ್ನು ಮುಟ್ಟಿದವರು ಉಳಿಯುವುದು ಅವರ ಅದೃಷ್ಟ. ಬಲ್ಬು ಕಪ್ಪಗಿದ್ದರೆ ಕೆಲಸ ಸರಿಯಾಗಿದೆ. ಆಚಾರ್ರು ಇದನ್ನು ದೀಪ ಹಿಡಿಯೋದು ಅನ್ನುತ್ತಿದ್ದರು. ಪ್ರತಿ ಮೋಟರಿಗೂ ಮೂರು ಸಲ ಹಿಡಿಯುತ್ತಿದ್ದರು.

ಈಗ ಆ ವಾರ.

೧೯೯೭ ಫೆಬ್ರವರಿ ೧೭, ಸೋಮವಾರ, ನನ್ನ ಪುಸ್ತಕದಲ್ಲಿ ಹೀಗಿದೆ: ‘ಕಂಡಕ್ಟರ್ ಪುಟ್ಟಸ್ವಾಮಿ ಹೆಸರಿಗೆ ಇವತ್ತು ಇನ್ನೊಂದು ಗೆರೆ. ಒಂದೇ ವಾರದಲ್ಲಿ ಎರಡು. ಶಭಾಷ್.’ ಪುಟ್ಟಸ್ವಾಮಿ ನಾಗಮಂಗಲದ ಕಡೆಗೆ ಹೋಗುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಊರು ಹೊಣಕೆರೆ ಹತ್ತಿರ, ಹೆಂಡತಿ ಮನೆ ಕೆ.ಆರ್. ಪೇಟೆ. ಅವನ ಮಾತು ಕೇಳಿ ಹೊಣಕೆರೆ ಕಡೆಯ ಒಬ್ಬ ತೋಟದವರೂ ಕೆ.ಆರ್. ಪೇಟೆಯ ಒಬ್ಬರೂ ಬಂದಿದ್ದರು. ಎರಡೂ ಐದು ಎಚ್‌ಪಿ ಮೋಟರು. ಒಂದೇ ಕಂಪನಿ, ಒಂದೇ ಹಸಿರು ಬಣ್ಣ. ಎರಡರ ಮೈಮೇಲೂ ಹಳದಿಯಲ್ಲಿ ಕಂಡಕ್ಟರ್ ಪುಟ್ಟಸ್ವಾಮಿ ಎಂದು ಬರೆದಿತ್ತು. ನಾನು ಅದನ್ನು ನೋಡಿ ಹೆಮ್ಮೆಪಟ್ಟಿದ್ದೆ. ಇದರಲ್ಲಿ ಅಪಾಯವಿದೆ ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಬುಧವಾರ, ೧೯ರ ಸಂಜೆ ೫.೩೫ಕ್ಕೆ ಫೋನ್ ಬಂತು. ಶ್ರೀರಂಗಪಟ್ಟಣದ ಹಳೆ ಗಿರಾಕಿ. ನಾನು ಗೋಡೆಗೆ ಎರಡು ಸಲ ತಟ್ಟಿದೆ. ಆಚಾರ್ರು ಓಡಿಬಂದು ರಿಸೀವರ್ ಹಿಡಿದರು. ಅದೇ ಹೊತ್ತಿಗೆ ಹೊಣಕೆರೆಯವರು ಬೀದಿಯಿಂದ ಕೂಗಿದರು. “ಆಚಾರ್ರೆ, ಬಸ್ಸು ಹೊಂಟೋಯ್ತದೆ. ನಮ್ದು ಆಗದಾ?”

ಆಚಾರ್ರು ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ, “ಆಗದೆ ಕಣಪ್ಪ. ಮೂರು ಸತಿ ದೀಪ ಹಿಡಿದಿವ್ನಿ. ಕಂಡಕ್ಟ್ರು ಹೆಸ್ರಿರೋದು, ಎತ್ಕೊಂಡೋಗು” ಅಂದರು.

ಹೊಣಕೆರೆಯವರೂ ಪುಟ್ಟಸ್ವಾಮಿಯೂ ಸೇರಿ ಮೋಟರನ್ನು ಎತ್ತಿ ಬಸ್ಸಿಗೆ ಹಾಕಿದರು. ಅವತ್ತು ಮಧ್ಯಾಹ್ನ ಕರೆಂಟು ಹೋಗಿದ್ದರಿಂದ ಇನ್ನೊಂದನ್ನೂ ಒಣಗಿಸುವ ಪೆಟ್ಟಿಗೆಯಿಂದ ಈಚೆ ತೆಗೆದು ಗಾಳಿಗೆ ಇಟ್ಟಿದ್ದರು ಎಂಬುದು ನನಗೆ ಮಾರನೆಯ ದಿನ ಗೊತ್ತಾಯಿತು. ಫೋನಿನಲ್ಲಿ ದೂರೇನೂ ಇರಲಿಲ್ಲ. ಶ್ರೀರಂಗಪಟ್ಟಣದವರು ತಮ್ಮ ಭಾವಮೈದುನನ ಮೋಟರನ್ನು ಯಾವಾಗ ತರಬಹುದು ಎಂದು ಕೇಳಿದ್ದರು. ಆರು ನಿಮಿಷದ ಮಾತು.

ಗುರುವಾರ, ೨೦. ಬೆಳಿಗ್ಗೆ ೧೦.೪೦. ಕೆ.ಆರ್. ಪೇಟೆಯವರು ಬೈಕಿನಲ್ಲಿ ಬಂದರು. ಮೀಸೆಯ ಆಳು, ಗಟ್ಟಿ ದನಿ. ಗೋಡೆಯಾಚೆಯಿಂದ ಎಲ್ಲ ಕೇಳಿಸುತ್ತಿತ್ತು.

“ಇದು ನಮ್ದಲ್ಲ ಆಚಾರ್ರೆ.”

“ನಿಂದೇ ಕಣಯ್ಯ. ಕಂಡಕ್ಟ್ರು ಹೆಸ್ರದೆ ನೋಡು. ಇನ್ನೂ ಹಸಿ, ನಾಳಿದ್ದು ಬಾ.”

“ಹೆಸ್ರು ಕಟ್ಕೊಂಡು ಏನ್ ಮಾಡ್ಲಿ? ನಮ್ಮೋಟ್ರು ಫ್ಯಾನ್ ಕವರು ಸೊಟ್ಟಗಿತ್ತು. ನಮ್ಮಣ್ಣನ ಮಗ ಬೀಳ್ಸಿದ್ದ. ಇದು ನೆಟ್ಟಗದೆ. ನೀವು ಸೊಟ್ಟಗಿರೋದ ನೆಟ್ಟಗೆ ಮಾಡಿದ್ರೆ ಹೇಳಿ, ಅದಕ್ಕೂ ಒಂದು ನಮಸ್ಕಾರ ಆಕ್ತೀನಿ.”

ನಾನು ಎದ್ದು ಹೋಗಿ ನೋಡಿದೆ. ಆಚಾರ್ರು ದೀಪ ಹಿಡಿದು ಕೂತಿದ್ದರು. ಬಲ್ಬು ಕಪ್ಪಗಿತ್ತು. ಮತ್ತೆ ಹಿಡಿದರು. ಕಪ್ಪಗೇ ಇತ್ತು. ನಾನು ಕಂಡದ್ದರಲ್ಲಿ ಅದೊಂದು ಸಲ ಮಾತ್ರ ಅವರು ಬಲ್ಬು ಉರಿಯಲಿ ಎಂದು ಕಾಯುತ್ತಿದ್ದರು.

“ಇದು ಒಣಗಿರೋದು” ಅಂದರು. “ಹಸಿ ಇರೋದ ಅವನು ತಕ್ಕೊಂಡೋಗವ್ನೆ.”

“ಅದಕ್ಕೇನು, ನಾಳೆ ಇಸ್ಕೊಂಡು ಬದಲಾಯಿಸ್ಕೊಡಿ.”

“ನಿನ್ನೆ ಅದಕ್ಕೆ ದೀಪ ಹಿಡಿದಾಗ ಮಿಣುಕ್ತಾ ಇತ್ತು ಕಣಯ್ಯ. ಮೈಗೆ ಕರೆಂಟು ಬತ್ತಾ ಅದೆ. ಮುಟ್ಟಿದ್ರೆ ಹೊಡೀತದೆ.”

ಕೆ.ಆರ್. ಪೇಟೆಯವರು ಮೀಸೆಯ ಮೇಲಿಂದ ಕೈ ತೆಗೆದರು. ಆ ವಾರ ಹೊಣಕೆರೆ ಕಡೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಮಧ್ಯಾಹ್ನ ಒಂದು ಗಂಟೆಗೆ. ಎಲ್ಲ ಊರಿನ ಹೊತ್ತೂ ನನ್ನ ಪುಸ್ತಕದಲ್ಲಿತ್ತು. ಗಂಟೆ ಹತ್ತು ಐವತ್ತು. ಮೂವರೂ ಬಸ್ ಸ್ಟ್ಯಾಂಡಿಗೆ ಓಡಿದೆವು. ಆಚಾರ್ರಿಗೆ ಆ ಗಿರಾಕಿಯ ಹೆಸರು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಕಳಿಸಿದವನ ಹೆಸರೊಂದೇ.

ಪುಟ್ಟಸ್ವಾಮಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ. ವಿಷಯ ಕೇಳಿ ಕೂಗುವುದನ್ನು ನಿಲ್ಲಿಸಿದ. “ನಾನು ಕಳ್ಸಿದ್ದಲ್ವಾ ಆಚಾರ್ರೆ” ಅಂದ, ಬೇರೇನೂ ತೋಚದವನ ಹಾಗೆ. ಆಮೇಲೆ ದಾರಿ ಹೇಳಿದ. ಹೊಣಕೆರೆಯಿಂದ ಒಳಕ್ಕೆ ಎರಡು ಮೈಲಿ, ಎಡಕ್ಕೆ ತೆಂಗಿನ ತೋಟ, ತೆರೆದ ಬಾವಿ. ಹೊಣಕೆರೆಯ ಒಂದು ದಿನಸಿ ಅಂಗಡಿಯಲ್ಲಿ ಫೋನಿದೆ ಎಂದು ನಂಬರು ಕೊಟ್ಟ. ಅವನ ಬಸ್ಸು ಊರೂರಲ್ಲಿ ನಿಲ್ಲುತ್ತದೆ, ಅದು ಹೊತ್ತಿಗೆ ಮುಟ್ಟುವುದಿಲ್ಲ.

“ಅತ್ತಿ ಕೂತ್ಕೊಳಿ” ಅಂದರು ಕೆ.ಆರ್. ಪೇಟೆಯವರು, ಬೈಕಿನ ಸೀಟು ತಟ್ಟಿ. ಆಚಾರ್ರು ಹಿಂದೆ ಕೂತು ದೀಪದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ೧೧.೦೪ಕ್ಕೆ ಹೊರಟರು. ಆ ರಸ್ತೆಯಲ್ಲಿ ಎಷ್ಟು ಬೇಗ ಹೋದರೂ ಒಂದು ಗಂಟೆಯ ಮೇಲೆ.

ನಾನು ಬೂತಿಗೆ ಬಂದು ಆ ನಂಬರು ತಿರುಗಿಸಲು ಶುರು ಮಾಡಿದೆ. ೧೧.೧೨ರಿಂದ ೧೨.೧೦ರ ತನಕ ಇಪ್ಪತ್ಮೂರು ಸಲ. ನಾಲ್ಕು ಅಡ್ಡಗೆರೆ, ಮೂರು ಬಿಡಿ ಗೆರೆ, ಆ ಹಾಳೆ ಈಗಲೂ ಇದೆ. ಹತ್ತೊಂಬತ್ತು ಸಲ ಲೈನೇ ಸಿಗಲಿಲ್ಲ. ಮೂರು ಸಲ ರಿಂಗಾಗಿ ಯಾರೂ ಎತ್ತಲಿಲ್ಲ. ಒಂದು ಸಲ ಒಬ್ಬರು ಎತ್ತಿ “ಯಾರು?” ಅಂದರು. ನಾನು “ಪಾಂಡವಪುರದಿಂದ, ಮೋಟ್ರು ಹಾಕಬೇಡಿ ಅಂತ ಹೇಳಿ” ಅಂದೆ. ಯಾರಿಗೆ ಎಂದು ಹೇಳುವುದರೊಳಗೆ ಲೈನು ಸತ್ತುಹೋಯಿತು. ಮತ್ತೆ ಸಿಗಲಿಲ್ಲ.

೧೨.೧೪ಕ್ಕೆ ಫೋನ್ ತಾನಾಗಿಯೇ ಹೊಡೆದುಕೊಂಡಿತು. ನಾಗಮಂಗಲದಿಂದ ಒಬ್ಬ ಗಿರಾಕಿ. “ಆಚಾರ್ರು ಅವ್ರಾ? ನಮ್ಮ ಮೋಟ್ರು ತಿರುಗ್ತಾನೇ ಇಲ್ಲ ಕಣವ್ವ.”

“ಇಲ್ಲ. ಆಮೇಲೆ ಮಾಡಿ.”

“ತ್ರೀ ಫೇಸ್ ಇವತ್ತು ಬೇಗ್ನೇ ಬಂದದೆ. ಈ ಕಡೆಗೆಲ್ಲ ಹನ್ನೆರಡು ಗಂಟೆಗೇ ಕೊಟ್ಟುಬುಟ್ಟವ್ರೆ. ಎಲ್ಲಾರ ಮೋಟ್ರೂ ಓಡ್ತಾವೆ, ನಮ್ದೊಂದೇ...”

ನಾನು ಫೋನ್ ಇಟ್ಟುಬಿಟ್ಟೆ. ಗಿರಾಕಿ ಮಾತಾಡುತ್ತಿರುವಾಗ ನಾನು ಫೋನ್ ಇಟ್ಟದ್ದು ಅದೊಂದೇ ಸಲ. ನನ್ನ ಪುಸ್ತಕದಲ್ಲಿದ್ದ ಒಂದು ಗಂಟೆ ಎಂಬ ಹೊತ್ತು ಸುಳ್ಳಾಗಿತ್ತು. ಬೈಕು ಇನ್ನೂ ದಾರಿಯಲ್ಲಿರಬೇಕು, ಅಲ್ಲಿ ಹದಿನಾಲ್ಕು ನಿಮಿಷದಿಂದ ಕರೆಂಟಿದೆ.

ಅಲ್ಲಿಂದ ಮುಂದೆ ಪುಸ್ತಕದಲ್ಲಿ ಬರೀ ಹೊತ್ತುಗಳಿವೆ. ೧೨.೩೦. ೧೨.೪೫. ೧.೦೦. ಎದುರಿಗೆ ಏನೂ ಬರೆದಿಲ್ಲ. ಚಿಕ್ಕಮ್ಮ ಎರಡು ಸಲ ಊಟಕ್ಕೆ ಕರೆದಳು. “ಇಷ್ಟು ಹೊತ್ತಿಗೆ ಏನಾಗ್ಬೇಕೋ ಆಗಿರ್ತದೆ, ನೀನು ಉಪವಾಸ ಇದ್ರೆ ನಿಲ್ತದಾ?” ಅಂದಳು. ಬೇರೆ ಬೇರೆ ಜನ ಬಂದು ಫೋನ್ ಮಾಡಿಕೊಂಡು ಹೋದರು. ಪ್ರತಿ ಸಲ ಫೋನ್ ಹೊಡೆದಾಗಲೂ ನಾನು ಮೂರು ರಿಂಗಿನ ತನಕ ಎತ್ತುತ್ತಿರಲಿಲ್ಲ. ಆಚಾರ್ರು ಬಾಗಿಲಿಗೆ ಬಂದು ನನ್ನ ಮುಖ ಯಾಕೆ ನೋಡುತ್ತಿದ್ದರು ಎಂದು ಅವತ್ತು ಗೊತ್ತಾಯಿತು. ಹಿಂದಿನ ಸಂಜೆ ಗೋಡೆ ತಟ್ಟಿದ್ದು ನಾನು. ಒಂದೇ ಸಲ ತಟ್ಟಿದ್ದಿದ್ದರೆ ಅವರು ಓಡಿಬರುತ್ತಿರಲಿಲ್ಲ, ಎದ್ದು ನಿಂತು ಮೋಟರು ತೋರಿಸಿಯೇ ಬರುತ್ತಿದ್ದರು. ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ.

೪.೨೫ಕ್ಕೆ ಬೈಕು ಗಲ್ಲಿಗೆ ಬಂತು. ಹಿಂದಿನ ಸೀಟಿಗೆ ಹಸಿರು ಮೋಟರನ್ನು ಹಗ್ಗದಲ್ಲಿ ಬಿಗಿದಿತ್ತು. ಫ್ಯಾನ್ ಕವರು ಸೊಟ್ಟಗಿತ್ತು. ಆಚಾರ್ರು ಇರಲಿಲ್ಲ.

“ಅವ್ರೆ, ಅವ್ರೆ. ಬಸ್ಸಲ್ಲಿ ಬತ್ತಾವ್ರೆ” ಅಂದರು ಕೆ.ಆರ್. ಪೇಟೆಯವರು, ನನ್ನ ಮುಖ ನೋಡಿ. “ಯಾರಿಗೂ ಏನೂ ಆಗಿಲ್ಲ. ನೀರು ಕೊಡವ್ವ ವಸಿ.”

ಎರಡು ಚೊಂಬು ನೀರು ಕುಡಿದು ಅವರು ಹೇಳಿದ್ದು ಇದು. ತೋಟದ ಏರಿ ಹತ್ತುವಾಗಲೇ ಪಂಪಿನ ಸದ್ದು ಕೇಳಿಸಿತಂತೆ. ಆಚಾರ್ರು ಬೈಕು ನಿಲ್ಲುವ ಮೊದಲೇ ಇಳಿದು ಬಿದ್ದು, ಎದ್ದು, ಕೂಗಿಕೊಂಡು ಓಡಿದರಂತೆ. ಮೋಟರು ಓಡುತ್ತಿತ್ತು. ಕಬ್ಬಿಣದ ಪೈಪಿನಿಂದ ನೀರು ಬೀಳುತ್ತಿತ್ತು. ಯಜಮಾನ ತೆಂಗಿನ ಬುಡಕ್ಕೆ ನೀರು ತಿರುಗಿಸುತ್ತಿದ್ದ. ಅವನ ಹೆಂಡತಿ ಬಟ್ಟೆಯ ಗಂಟು ಹೊತ್ತುಕೊಂಡು, ಬರಿಗಾಲಿನಲ್ಲಿ, ಪೈಪಿನ ಕಡೆಗೆ ಬರುತ್ತಿದ್ದಳು. ಪೈಪಿಗೂ ಅವಳಿಗೂ ನಡುವೆ ನಾಲ್ಕು ಮಾರು. ಆಚಾರ್ರು ಒಣ ತೆಂಗಿನ ಮಟ್ಟೆಯೊಂದನ್ನು ಎತ್ತಿ ಅದರಿಂದ ಸ್ಟಾರ್ಟರ್ ಹೊಡೆದು ಮೋಟರು ನಿಲ್ಲಿಸಿದರು.

“ಆ ಮನುಷ್ಯ ಏನಂದ ಗೊತ್ತೇನವ್ವ? ಆಚಾರ್ರೆ, ನೀವೇ ಬಂದ್ಬುಟ್ರಲ್ಲ, ಬನ್ನಿ ಎಳ್ನೀರು ಕುಡೀರಿ ಅಂದ. ಇವರು ಅವನ ಕಡೆ ನೋಡ್ದೆ ಮೋಟ್ರಿನ ವೈರು ಬಿಚ್ತಾ ಕೂತವ್ರೆ. ನಾನೇ ಕೇಳ್ದೆ, ಮೋಟ್ರು ಮುಟ್ಟಿದ್ಯೇನಯ್ಯ ಅಂತ. ಮುಟ್ಟಿದ್ನಂತೆ. ಎರಡು ಸತಿ. ಕಾಲಲ್ಲಿ ರಬ್ಬರ್ ಚಪ್ಲಿ ಇತ್ತು, ಬದುಕ್ಕಂಡವ್ನೆ.”

“ಶಾಕ್ ಹೊಡೀಲಿಲ್ವ?”

“ಜುಮ್ ಅಂತಂತೆ. ಮೊಣಕೈ ಗಂಟ. ಅಂಗಾದ್ರೆ ಯಾಕ್ಲಾ ಆಫ್ ಮಾಡ್ಲಿಲ್ಲ ಅಂದೆ. ಅದಕ್ಕವನು, ಆಚಾರ್ರು ಕಟ್ಟಿದ್ದಲ್ವಾ, ಹೊಸದ್ರಲ್ಲಿ ಅಂಗೇ ಇರ್ತದೇನೋ ಅಂದ್ಕಂಡೆ ಅಂದ. ಎಂಡ್ರಿಗೂ ಹೇಳಿದ್ನಂತೆ, ವಸಿ ಜುಮ್ ಅಂತದೆ, ಏನಾಗಕ್ಕಿಲ್ಲ ಬಾ ಅಂತ.”

ಆಚಾರ್ರು ೬.೧೦ರ ಬಸ್ಸಿಗೆ ಬಂದರು. ಒಣಗಿದ ಮೋಟರನ್ನು ಮಾರನೆಯ ದಿನ ತಾವೇ ಹೊಣಕೆರೆಗೆ ಒಯ್ದರು. ಆದರೆ ಆ ಸಂಜೆ ಅಂಗಡಿಗೆ ಹೋಗದೆ ಬೂತಿನ ಬೆಂಚಿನ ಮೇಲೆ ಕೂತರು. ಮಂಡಿ ತರಚಿ ಪಂಚೆಗೆ ರಕ್ತ ಹತ್ತಿತ್ತು. ಕೆ.ಆರ್. ಪೇಟೆಯವರು ಅಲ್ಲೇ ಕಾದಿದ್ದರು.

“ನಾನಂತೂ ಯಾರ ಹತ್ರಾನೂ ಬಾಯಿ ಬುಡಕ್ಕಿಲ್ಲ ಆಚಾರ್ರೆ. ಪುಟ್ಟಸ್ವಾಮಿಗೂ ಹೇಳ್ತೀನಿ. ನಿಮ್ಮೆಸ್ರು ಕೆಡದು ಬ್ಯಾಡ.”

“ಹೇಳ್ಬೇಕು ಕಣಯ್ಯ” ಅಂದರು ಆಚಾರ್ರು. “ಒಳ್ಳೇದ ಊರೂರಿಗೆ ಹೇಳಿದ್ರಿ. ಇದನ್ನೂ ಹೇಳಿ. ಅವನ ಕೈಗೇ ಹೊಡೆದದೆ. ಅವನು ತನ್ನ ಕೈನ ನಂಬ್ಲಿಲ್ಲ, ನನ್ನೆಸ್ರ ನಂಬ್ದ. ಇನ್ನರ್ಧ ಗಂಟೆ ಓಡಿದ್ರೆ ಒಳಗೆ ಸುಟ್ಟು ಪೂರಾ ಕರೆಂಟು ಪೈಪಿಗೆ ಬಂದ್ಬುಡ್ತಿತ್ತು. ಆ ಯಮ್ಮ ಬರಿಗಾಲಲ್ಲಿತ್ತು.”

ನಾನು ಅಂದುಕೊಂಡದ್ದು, ಇನ್ನು ಗಿರಾಕಿಗಳು ಕಡಿಮೆಯಾಗುತ್ತಾರೆ ಎಂದು. ಆದದ್ದು ಬೇರೆ. ಹೊಣಕೆರೆಯವರು ತಮ್ಮ ಸುತ್ತಿನ ಊರುಗಳಲ್ಲಿ ಹೇಳಿಕೊಂಡು ಬಂದದ್ದು ಹೀಗೆ: ‘ಮೋಟ್ರಲ್ಲಿ ಏನೋ ವಸಿ ಐಬಿತ್ತಂತೆ. ಎಂಥಾ ಮನುಷ್ಯ, ನಾವು ಹೇಳದೆ ಕೇಳದೆ ಅಷ್ಟು ದೂರದಿಂದ ಬಿದ್ದು ಎದ್ದು ಓಡಿಬಂದು ಸರಿ ಮಾಡ್ಕೊಟ್ರು. ಯಾರು ಮಾಡ್ತಾರೆ ಈ ಕಾಲದಲ್ಲಿ?’ ಪುಟ್ಟಸ್ವಾಮಿ ಇದನ್ನೇ ಬಸ್ಸಿನಲ್ಲಿ ಹೇಳಿದ. ಫೆಬ್ರವರಿಯಲ್ಲಿ ಹೊಸ ಗಿರಾಕಿಗಳು ಒಂಬತ್ತು. ಮಾರ್ಚ್‌ನಲ್ಲಿ ಹದಿನಾಲ್ಕು. ಏಪ್ರಿಲ್‌ನಲ್ಲಿ ಇಪ್ಪತ್ತೊಂದು.

ಬಂದ ಒಬ್ಬೊಬ್ಬರಿಗೂ ಆಚಾರ್ರು ಆ ಗುರುವಾರದ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಮೋಟರಿನ ಮೇಲೆ ಈಗ ಯಜಮಾನನ ಹೆಸರನ್ನೇ ಬರೆಯುತ್ತಿದ್ದರು. ಕೊಡುವಾಗ ದೀಪವನ್ನು ಗಿರಾಕಿಯ ಕೈಗೇ ಕೊಟ್ಟು, “ನನ್ನ ಮಾತು ಬ್ಯಾಡ, ನೀನೇ ಹಿಡಿದು ನೋಡು” ಅನ್ನುತ್ತಿದ್ದರು. ಜನ ದೀಪವನ್ನು ಮುಟ್ಟುತ್ತಲೂ ಇರಲಿಲ್ಲ.

“ನೀವು ಹೇಳಿದ್ಮೇಲೆ ಇನ್ನೇನು ಬುಡಿ ಆಚಾರ್ರೆ.”

“ನಾನು ಹೇಳ್ತಿರೋದೇ ನೋಡು ಅಂತ.”

“ದೊಡ್ಡೋರು ಯಾವಾಗ್ಲೂ ಅಂಗೇ ಹೇಳದು.”

ಒಂದು ದಿನ ಇಂಥ ಗಿರಾಕಿ ಹೋದ ಮೇಲೆ ಬೂತಿಗೆ ಬಂದು, “ನಿನ್ನ ಪುಸ್ತಕ ತಗಿ” ಅಂದರು. ಒಬ್ಬರೇ ಕಳಿಸಿದ ಇಬ್ಬರ ಮೋಟರುಗಳು ಒಂದೇ ಹೊತ್ತಿಗೆ ಅಂಗಡಿಯಲ್ಲಿದ್ದದ್ದು ಎಷ್ಟು ಸಲ ಎಂದು ಕೇಳಿದರು. ಹುಡುಕಿದೆ. ಆ ಫೆಬ್ರವರಿಗೆ ಮುಂಚೆ ಏಳು ಸಲ. ಹದಿನಾಲ್ಕು ಮೋಟರು.

“ಅವರ್ಯಾರೂ ಏನೂ ಹೇಳಿಲ್ವಲ್ಲ ಆಚಾರ್ರೆ. ಎಲ್ಲ ಸರಿಯಾಗಿರ್ತದೆ.”

“ಇವನೂ ಹೇಳಿರ್ಲಿಲ್ಲ.”

ಕಳಿಸಿದವರಿಗೆಲ್ಲ ಕಾರ್ಡು ಬರೆದೆ, ಫೋನ್ ಮಾಡಿದೆ. ಪತ್ತೆಯಾದ ಊರುಗಳಿಗೆ ಅವರೇ ಹೋಗಿ ದೀಪ ಹಿಡಿದು ಬರುತ್ತಿದ್ದರು. ಬಂದು ನನ್ನ ಪುಸ್ತಕದಲ್ಲಿ ಒಂದೊಂದಕ್ಕೆ ಸರಿ ಗುರುತು ಹಾಕಿಸುತ್ತಿದ್ದರು. ಮೇ ಕೊನೆಗೆ ಹನ್ನೆರಡು ಸರಿ. ಎಲ್ಲವೂ ಚೆನ್ನಾಗಿದ್ದವು. ನನಗೆ ಸಮಾಧಾನವಾಯಿತು. ಅವರು ಇನ್ನಷ್ಟು ಇಳಿದುಹೋದರು. ಹನ್ನೆರಡು ಚೆನ್ನಾಗಿದ್ದರೆ ಕೆಟ್ಟದ್ದು ಉಳಿದೆರಡರಲ್ಲೇ ಇರಬೇಕು ಎಂದು ಅವರಿಗೆ ಅನ್ನಿಸತೊಡಗಿತ್ತು. ಆ ಎರಡನ್ನೂ ಕಳಿಸಿದ್ದು ಕೆ.ಆರ್. ಪೇಟೆ ಸಂತೆಯಲ್ಲಿ ಹಗ್ಗ ಮಾರುತ್ತಿದ್ದ ಒಬ್ಬ ಅಜ್ಜಿ. ಅವರು ತೀರಿಕೊಂಡು ವರ್ಷವಾಗಿತ್ತು. ಯಾರಿಗೆ ಹೇಳಿ ಕಳಿಸಿದ್ದರು ಎಂದು ಅವರ ಮನೆಯವರಿಗೆ ಗೊತ್ತಿರಲಿಲ್ಲ.

೧೯೯೭ ಜೂನ್ ೯, ಸೋಮವಾರ, ಆಚಾರ್ರು ಅಂಗಡಿ ಬಾಗಿಲು ಹಾಕಿ ಕೀಲಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟರು. ಒಳಗಿದ್ದ ಮೋಟರುಗಳನ್ನೆಲ್ಲ ಕೊಟ್ಟು ಮುಗಿಸಿದ್ದರು. “ವಸಿ ದಿನ ನೋಡೋ ಕೆಲ್ಸ ಮಾತ್ರ” ಅಂದರು. ಬಗಲಲ್ಲಿ ದೀಪದ ಚೀಲವಿತ್ತು. ಅವರಿಗೆ ಹೆಂಡತಿ ಇರಲಿಲ್ಲ. ಮಗಳ ಮನೆ ಮೈಸೂರಿನಲ್ಲಿ ಎಂದು ಕೇಳಿದ್ದೆ, ವಿಳಾಸ ಬರೆದುಕೊಂಡಿರಲಿಲ್ಲ. ಇಷ್ಟೆಲ್ಲ ಬರೆದಿಡುವ ನಾನು ಅದನ್ನು ಬರೆದುಕೊಳ್ಳಲಿಲ್ಲ.

ಆಮೇಲೆ ಅವರ ಸುದ್ದಿ ಮೂರು ಸಲ ಬಂದಿದೆ. ಆಗಸ್ಟ್‌ನಲ್ಲಿ, ನಾಗಮಂಗಲದಲ್ಲಿ ಕಂಡೆ ಎಂದು ಪುಟ್ಟಸ್ವಾಮಿ ಹೇಳಿದ. ಡಿಸೆಂಬರ್‌ನಲ್ಲಿ ಕೆ.ಆರ್. ಪೇಟೆಯವರು ಫೋನ್ ಮಾಡಿ, ಅವರ ಮನೆಗೆ ಬಂದು ಊಟ ಮಾಡಿ ಹೋದರು ಎಂದರು. ಮೂರನೆಯದು ಈ ತಿಂಗಳ ೯ರಂದು, ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬರಿಂದ. “ಯಾರೋ ವಯಸ್ಸಾದೋರು ಬಂದಿದ್ರು ಕಣವ್ವ, ಚೀಲದಲ್ಲಿ ಬಲ್ಬಿಟ್ಕೊಂಡು. ನಿಮ್ಮೋಟ್ರು ವಸಿ ನೋಡ್ತೀನಿ ಅಂದ್ರು. ಕಳ್ಳನೋ ಏನೋ ಅಂತ ನಮ್ಮೆಜಮಾನ್ರು ಅಟ್ಬುಟ್ರು.” ಯಾವ ಊರು ಎಂದು ಕೇಳುವುದರೊಳಗೆ ಅವರ ಸ್ಟಾಪು ಬಂತು, ಇಳಿದುಹೋದರು.

ಗಂಟೆ ೧೧.೨೦. ಅಮ್ಮ ಬಂದು ಎಷ್ಟೋ ಹೊತ್ತಾಯಿತು. ಇದನ್ನು ಹೀಗೇ ಪತ್ರಿಕೆಗೆ ಕಳಿಸುತ್ತೇನೆ.

ಇದನ್ನು ಓದಿದವರಲ್ಲಿ ಯಾರಾದರೂ ಅವರನ್ನು ಕಂಡಿದ್ದರೆ, ಯಾವ ಊರಿನಲ್ಲಿ, ಯಾವ ದಿನ ಎಂದು ಈ ಪತ್ರಿಕೆಗೆ ಬರೆದು ತಿಳಿಸಿ. ಅವರು ನಿಮ್ಮ ತೋಟಕ್ಕೆ ಬಂದರೆ ಅಟ್ಟಬೇಡಿ, ಮೋಟರು ತೋರಿಸಿ. ನಿಮ್ಮ ಮೋಟರಿನ ಮೇಲೆ ಹಳದಿ ಬಣ್ಣದಲ್ಲಿ ಹಗ್ಗದಜ್ಜಿ ಎಂದು ಬರೆದಿದ್ದರೆ ಮೊದಲು ಸ್ವಿಚ್ ಆಫ್ ಮಾಡಿ, ತಿಳಿದವರನ್ನು ಕರೆಸಿ ದೀಪ ಹಿಡಿಸಿ, ಆಮೇಲೆ ಒಂದು ಕಾರ್ಡು ಹಾಕಿ. ದೀಪ ಉರಿಯಿತೋ ಇಲ್ಲವೋ ಎಂಬುದನ್ನು ಬರೆದರೆ ಸಾಕು. ಆಚಾರ್ರು ಮಾಡಿದ್ದು, ಸರಿಯಾಗಿಯೇ ಇರುತ್ತದೆ ಎಂದು ಮಾತ್ರ ಬರೆಯಬೇಡಿ.